ಮುಹೂರ್ತ ತಪ್ಪಿದ ಹಕ್ಕು

ನನ್ನ ಮದುವೆ ಆದದ್ದು 1993ರ ಮೇ ತಿಂಗಳಲ್ಲಿ, ತಂಗಿಯದು 1995ರಲ್ಲಿ. ಒಂದೇ ಮನೆಯ ಹೆಣ್ಣುಮಕ್ಕಳು, ಒಂದೇ ಛತ್ರ, ಒಬ್ಬರೇ ಪುರೋಹಿತರು. ಆದರೂ ಕಾನೂನಿನ ಕಣ್ಣಿಗೆ ನಾವಿಬ್ಬರೂ ಬೇರೆ ಬೇರೆ. ಎರಡು ಮದುವೆಗಳ ನಡುವೆ 1994ರ ಜುಲೈ 30 ಬಂದು ಕೂತಿತ್ತು. ಅಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾದವಳಿಗೆ ಮಾತ್ರ ಇಲ್ಲ. ಜೋಯಿಸರು ನನಗೆ ಒಳ್ಳೆಯ ಮುಹೂರ್ತವನ್ನೇ ಇಟ್ಟಿದ್ದರು. ವಿಧಾನಸೌಧದ ಪಂಚಾಂಗ ಅವರಿಗೆ ತಿಳಿದಿರಲಿಲ್ಲ, ಅಷ್ಟೆ.

ಅಮ್ಮನ ಕಾಲಕ್ಕೆ ಇಷ್ಟೂ ಇರಲಿಲ್ಲ. ತಾತ ತೀರಿಕೊಂಡ ವರ್ಷ ಮಾವ ಬಂದು ಅಮ್ಮನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದರು. ನಾನಾಗ ಹೈಸ್ಕೂಲು. ಅಮ್ಮ ಓದದೆಯೇ ಸಹಿ ಹಾಕಿದಳು. ಆಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ, ತವರಿನಲ್ಲಿ ಅರಿಶಿನ ಕುಂಕುಮ, ಒಂದು ಸೀರೆ. ತಂದೆಯ ಪಾಲಿನಲ್ಲಿ ತನಗೂ ಒಂದು ಸಣ್ಣ ಅಂಶವಿತ್ತು, ಅದನ್ನು ಬಿಟ್ಟುಕೊಟ್ಟು ಬಂದೆ ಎಂಬುದು ಅವಳಿಗೆ ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು.

ಹಾಗೆ ನೋಡಿದರೆ ಈ ವಿಚಾರ ನಮ್ಮ ಕಡೆಗೆ ಹೊಸದೇನಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಮಾಡಿ, ಮನೆ ಪಾಲಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಅಂಶ ಕೊಡಬೇಕೆಂದಿತು. ಅಲ್ಲೂ ತಾಳಿ ಬಿದ್ದವಳು ಹೊರಗೆ. ಸ್ವಾತಂತ್ರ್ಯ ಬಂದ ಮೇಲೆ ಡಾ. ಅಂಬೇಡ್ಕರ್ ಹಿಂದೂ ಕೋಡ್ ಮಸೂದೆಗಾಗಿ ಹೋರಾಡಿದರು. ಅದು ಮುಂದಕ್ಕೆ ಸಾಗದಾಗ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. 1956ರ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಂತ ಪಾಲಿನಲ್ಲಿ ಮಗಳಿಗೆ ಅಂಶ ಕೊಟ್ಟಿತು. ಹುಟ್ಟಿನ ಹಕ್ಕು ಮಾತ್ರ ಗಂಡುಮಕ್ಕಳಲ್ಲೇ ಉಳಿಯಿತು. ವಾಸದ ಮನೆಯನ್ನಂತೂ ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳುವ ತನಕ ಮಗಳು ಪಾಲು ಕೇಳುವಂತಿರಲಿಲ್ಲ.

2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಎರಡು ತೊಡಕುಗಳನ್ನೂ ತೆಗೆದುಹಾಕಿತು. ಮದುವೆಯ ತಾರೀಖನ್ನೂ ಕೇಳಲಿಲ್ಲ. ನಾನು ಒಳಗೆ ಬಂದೆ ಎಂದುಕೊಂಡೆ. ಆದರೆ 2015ರಲ್ಲಿ, ಕರ್ನಾಟಕದಿಂದಲೇ ಹೋಗಿದ್ದ ಒಂದು ಪ್ರಕರಣದಲ್ಲಿ, ಆ ದಿನ ತಂದೆ ಬದುಕಿರಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ನಮ್ಮ ಅಪ್ಪ ತೀರಿಕೊಂಡದ್ದು 2003ರಲ್ಲಿ. ಮತ್ತೆ ನಾನು ಹೊಸ್ತಿಲಾಚೆ. 2018ರಲ್ಲಿ ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣ: ತಂದೆ 2001ರಲ್ಲೇ ತೀರಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಿಡಿಸಿತು. ಹಕ್ಕು ಬರುವುದು ಹುಟ್ಟಿನಿಂದ. ಆ ದಿನ ತಂದೆ ಇದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಮುಗಿದ ವಿಭಾಗಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ.

ಒಬ್ಬ ಮಗಳು ತವರಿನ ಮಗಳೇ ಎಂದು ಹೇಳಲು ಇಷ್ಟು ತಾರೀಖುಗಳು ಬೇಕಾದವು.

ಹೋದ ತಿಂಗಳು ತಮ್ಮನ ಫೋನು. “ಅಕ್ಕಾ, ಪತ್ರ ರೆಡಿ ಇದೆ. ನೀನೂ ಚಿಕ್ಕಕ್ಕನೂ ಬಂದು ಒಂದು ಸಹಿ ಹಾಕಿ ಹೋಗಿ.”

“ಮೊದಲು ಕಳಿಸು ಕಣೋ, ಓದ್ತೀನಿ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಆ ಮೌನದ ಭಯ ನಮಗೆಲ್ಲ ಗೊತ್ತಿದೆ. ಕೋರ್ಟು ಪಾಲು ಕೊಡಿಸಬಹುದು. ಗೌರಿ ಹಬ್ಬಕ್ಕೆ ತಮ್ಮ ಬಾಗಿನ ತರಲಿ ಎಂದು ಆಜ್ಞೆ ಮಾಡಲಾರದು. ಅದಕ್ಕೇ ಎಷ್ಟೋ ಜನ ಸಹಿ ಹಾಕಿ ಸುಮ್ಮನಾಗುತ್ತೇವೆ. ತಮ್ಮನಿಗೆ ಕಷ್ಟವಿದ್ದರೆ ನಾನೂ ಬಿಟ್ಟುಕೊಟ್ಟೇನು. ಆದರೆ ಏನನ್ನು ಕೊಡುತ್ತಿದ್ದೇನೆಂದು ತಿಳಿದು ಕೊಟ್ಟರೆ ತಾನೇ ಅದು ಕೊಟ್ಟ ಹಾಗೆ?

ಅಮ್ಮನಿಗೆ ಹೇಳಿದೆ. “ಓದು, ನನಗೂ ಓದಿ ಹೇಳು” ಎಂದಳು. ಕಾಗದ ಬಂದಿದೆ. ಭಾನುವಾರ ತಂಗಿ ಬರುತ್ತಾಳೆ. ಮೂವರೂ ಕೂತು ಓದುತ್ತೇವೆ.