ತುತ್ತು ಮತ್ತು ಉಸಿರು: ಮಕ್ಕಳ ಅಲರ್ಜಿ, ಉಬ್ಬಸದ ಮನೆ ಆರೈಕೆ ಬೆಳೆದು ಬಂದ ಬಗೆ

ಕೋಟ, ಗಂಗೊಳ್ಳಿ, ಬೈಂದೂರಿನ ಕಡೆ ಮಗುವಿಗೆ ಉಬ್ಬಸ ಬಂತೆಂದರೆ ಮೊದಲು ಬದಲಾಗುವುದು ಅದರ ಊಟ. "ಚಟ್ಲಿ ನಂಜ್, ಉಬ್ಸದ್ ಮಕ್ಳಿಗ್ ಕೊಡೂಕಾಗ" ಎಂದು ಅಜ್ಜಿ ಹೇಳಿದರೆ ಮುಗಿಯಿತು. ಸಿಗಡಿಯ ಬೆನ್ನಿಗೇ ಒಣಮೀನು, ಬದನೆ, ಹಲಸು, ಮೊಸರು, ಬಾಳೆಹಣ್ಣು ಒಂದೊಂದಾಗಿ ಎಲೆಯಿಂದ ಮಾಯವಾಗುತ್ತವೆ. ಅನುಭವದಿಂದ ಹುಟ್ಟಿದ ಈ ಪಟ್ಟಿಯಲ್ಲಿ ಕಾಳಜಿ ಇದೆ. ಬೆಳೆಯುವ ಮಗುವಿಗೆ ಬೇಕಾದ ಆಹಾರವನ್ನೇ ತಪ್ಪಿಸುವ ಅಪಾಯವೂ ಇದೆ. ಯಾವ ಮಗುವಿಗೆ ಯಾವುದು ನಿಜಕ್ಕೂ ಆಗದು ಎಂಬುದನ್ನು ಪರೀಕ್ಷಿಸಿ ತಿಳಿಯುವ ವಿದ್ಯೆ ಬೆಳೆದದ್ದು ಕಳೆದ ಶತಮಾನದಲ್ಲಿ.

1902ರಲ್ಲಿ ಫ್ರಾನ್ಸಿನ ಪೋರ್ತಿಯೆ ಮತ್ತು ರಿಶೆ, ಎರಡನೆಯ ಸಲ ಮೈಸೇರಿದ ಅಲ್ಪ ವಿಷವೂ ಪ್ರಾಣ ತೆಗೆಯಬಲ್ಲದೆಂದು ತೋರಿಸಿ ಅದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ 'ಅಲರ್ಜಿ' ಎಂಬ ಹೆಸರು ಕೊಟ್ಟ. 1960ರ ದಶಕದಲ್ಲಿ ಮನೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಯೇ ಉಬ್ಬಸ ಕೆರಳಿಸುತ್ತದೆಂದು ಗೊತ್ತಾಯಿತು. ಅಲರ್ಜಿಯ ಹಿಂದಿರುವ ಐಜಿಇ ಎಂಬ ಪ್ರತಿಕಾಯವೂ ಪತ್ತೆಯಾಯಿತು.

ಮುಂದಿನ ಅಧ್ಯಾಯದಲ್ಲಿ ಕರ್ನಾಟಕದ್ದೇ ದೊಡ್ಡ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ವಿ. ಸುಬ್ಬರಾವ್ ಅವರ ತಂಡ 1989ರಲ್ಲಿ ನಮ್ಮ ಕಡಲಿನ ಬಿಳಿ ಸಿಗಡಿಯಿಂದ, ಬೇಯಿಸಿದರೂ ಕೆಡದ ಅಲರ್ಜಿಕಾರಕಗಳನ್ನು ಬೇರ್ಪಡಿಸಿತು. 1993ರಲ್ಲಿ ಅದೇ ತಂಡದ ಶಾಂತಿ ಮತ್ತು ಸಂಗಡಿಗರು ಅವುಗಳಲ್ಲಿ ಮುಖ್ಯವಾದದ್ದು ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಎಂದು ಗುರುತಿಸಿದರು. ಅದೇ ಬಗೆಯ ಪ್ರೋಟೀನು ಧೂಳಿನ ನುಸಿಯಲ್ಲೂ ಜಿರಲೆಯಲ್ಲೂ ಇದೆ. ಹಾಗಾಗಿ ನುಸಿಯಿಂದ ಉಬ್ಬಸ ಬರುವ ಮಗುವಿನ ರಕ್ತಪರೀಕ್ಷೆಯಲ್ಲಿ, ಸಿಗಡಿ ತಿಂದು ಏನೂ ಆಗದಿದ್ದರೂ, ಸಿಗಡಿಯ ಹೆಸರು ಕಾಣಿಸಿಕೊಳ್ಳಬಹುದು. ಮಳೆಗಾಲದ ಥಂಡಿಯಲ್ಲಿ ನುಸಿ ತುಂಬುವ ಕರಾವಳಿಯ ಮನೆಗಳು ಇದನ್ನು ಮರೆಯಬಾರದು.

ಪರೀಕ್ಷೆಯ ಫಲಿತಾಂಶವೇ ಕಾಯಿಲೆಯಲ್ಲ ಎಂಬುದಕ್ಕೆ ಲೆಕ್ಕವೂ ಇದೆ. ಮೈಸೂರಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ. 26.5 ಮಂದಿಯ ರಕ್ತದಲ್ಲಿ ಯಾವುದೋ ಆಹಾರಕ್ಕೆ ಐಜಿಇ ಇತ್ತು. ಲಕ್ಷಣವೂ ಸೇರಿ ಅಲರ್ಜಿ ಎನ್ನಬಹುದಾದವರು ಶೇ. 1.2 ಮಾತ್ರ. 2020ರಲ್ಲಿ ಹೊರಬಂದ ಮಕ್ಕಳ ಲೆಕ್ಕದಲ್ಲಿ ಅದು ಶೇ. 0.14. ಅಂದರೆ ಬರೀ ವರದಿ ನೋಡಿ ಮಗುವಿನ ಊಟ ಕತ್ತರಿಸುವುದು ತಪ್ಪು. ತಿಂದ ಎಷ್ಟು ಹೊತ್ತಿಗೆ ಏನಾಯಿತು ಎಂದು ತಾಯಿ ಬರೆದಿಟ್ಟ ಟಿಪ್ಪಣಿಗೆ ವೈದ್ಯರ ಮುಂದೆ ದೊಡ್ಡ ಬೆಲೆಯಿದೆ.

ಉಬ್ಬಸ ಮಾತ್ರ ಅಪರೂಪದ್ದಲ್ಲ. ಡಾ. ಎಚ್. ಪರಮೇಶ್ ಬೆಂಗಳೂರಿನ ಆಸ್ಪತ್ರೆಯಲ್ಲಿ ನೋಡಿದ ಮಕ್ಕಳಲ್ಲಿ ಅದರ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5ಕ್ಕೆ ಏರಿತ್ತು. ಚಿಕಿತ್ಸೆಯೂ ಅಷ್ಟೇ ಬದಲಾಯಿತು. 1956ರಲ್ಲಿ ಅಳತೆಯ ಇನ್‌ಹೇಲರ್, 1969ರಲ್ಲಿ ಸಾಲ್ಬುಟಮಾಲ್, 1972ರಲ್ಲಿ ಉಸಿರಿನೊಂದಿಗೆ ಎಳೆದುಕೊಳ್ಳುವ ಸ್ಟೀರಾಯ್ಡ್ ಬಂದವು. ಕಟ್ಟಿದ ಉಸಿರು ಬಿಡಿಸುವುದಷ್ಟೇ ಸಾಲದು, ಶ್ವಾಸನಾಳದ ಉರಿಯೂತವನ್ನೇ ತಗ್ಗಿಸಬೇಕು ಎಂಬ ತಿಳಿವಳಿಕೆ ನೆಲೆಗೊಂಡಿತು. ಇನ್‌ಹೇಲರ್ ಚಟವಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಚಿಕ್ಕ ಮಕ್ಕಳು ಮದ್ದು ಎಳೆದುಕೊಳ್ಳಲು ಇನ್‌ಹೇಲರಿಗೆ ಜೋಡಿಸಬೇಕಾದ ಸ್ಪೇಸರ್ ಮನೆಯಲ್ಲೂ ಆದೀತು: ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್‌ಹೇಲರ್ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಸುತ್ತ ಗಾಳಿ ಸೋರದಂತೆ ಮುಚ್ಚಿ, ಬಾಟಲಿಯ ಬಾಯಿಂದ ಮಗು ಉಸಿರೆಳೆದರೆ ಅಂಗಡಿಯ ಸ್ಪೇಸರಿನಷ್ಟೇ ಉಪಯೋಗ ಎಂದು 1999ರಲ್ಲಿ ಕೇಪ್‌ಟೌನಿನ ವೈದ್ಯರು ತೋರಿಸಿದರು.

ಮನೆಯೊಳಗಿನ ಕೆಲಸವೂ ಚಿಕಿತ್ಸೆಯೇ. ಬಚ್ಚಲೊಲೆಗೆ ಮಡಲು, ತೆಂಗಿನ ಸಿಪ್ಪೆ ತುಂಬಿದಾಗ ಏಳುವ ಹೊಗೆ ಮಗುವಿನ ಎದೆಗೆ ಶತ್ರು. ಅದೇ ಒಲೆಯ ಹಂಡೆಯಲ್ಲಿ ಚೆನ್ನಾಗಿ ಕಾದ ನೀರು ನುಸಿಗೆ ಶತ್ರು. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ತೊಳೆದರೆ ನುಸಿ ಸಾಯುತ್ತದೆ. ಒಲೆ ಉರಿಯುವಾಗ ಮಗು ದೂರವಿರಲಿ; ಮಳೆಗಾಲದಲ್ಲಿ ಒದ್ದೆ ಬಟ್ಟೆ ಅದು ಮಲಗುವ ಕೋಣೆಯಲ್ಲಿ ಒಣಗುವುದು ಬೇಡ.

ಪಥ್ಯದ ವಿಚಾರದಲ್ಲಿ ವೈದ್ಯಶಾಸ್ತ್ರವೇ ದಾರಿ ತಿದ್ದಿಕೊಂಡಿದೆ. ಅಲರ್ಜಿಯ ಸಾಧ್ಯತೆ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಬೇಡ ಎಂದು 2000ದಲ್ಲಿ ಹೇಳಿದ್ದ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2008ರಲ್ಲಿ ಆ ಸಲಹೆ ಹಿಂದೆಗೆದುಕೊಂಡಿತು. 2015ರಲ್ಲಿ ಲಂಡನ್ನಿನ ಲೀಪ್ ಅಧ್ಯಯನ ಅಂಥ ಮಕ್ಕಳಿಗೆ ಮೊದಲ ವರ್ಷದಲ್ಲೇ ಶೇಂಗಾ ತಿನ್ನಿಸತೊಡಗಿದರೆ ಐದನೇ ವಯಸ್ಸಿಗೆ ಅಲರ್ಜಿ ಶೇ. 81ರಷ್ಟು ಕಡಿಮೆಯಾಗುತ್ತದೆ ಎಂದು ಸಾಬೀತುಪಡಿಸಿತು. ಆದರೆ ಅಲರ್ಜಿ ಖಚಿತವಾದ ಮಗುವಿಗೆ ರಿಯಾಯಿತಿ ಇಲ್ಲ. ಗೇರುಬೀಜ ಆಗದ ಮಗುವಿಗೆ ಪಾಯಸದಿಂದ ಬೀಜ ಆರಿಸಿ ತೆಗೆದು ಬಡಿಸಿದರೆ ಸಾಲದು, ಆ ಪಾಯಸವೇ ಬೇಡ. ಪೊಟ್ಟಣದ ತಿಂಡಿಯ ಮೇಲೆ ಹಾಲು, ಮೊಟ್ಟೆ, ಮೀನು, ಸಿಗಡಿ, ಶೇಂಗಾ, ಸೋಯಾ ಮುಂತಾದವನ್ನು ನಮೂದಿಸಬೇಕೆಂದು 2020ರ ಭಾರತೀಯ ನಿಯಮವಿದೆ. ಓದುವ ರೂಢಿ ನಮ್ಮದಾಗಬೇಕು.

ಉಬ್ಬಸ ಹತೋಟಿಯಲ್ಲಿಲ್ಲದ ಮಗುವಿಗೆ ಆಹಾರದ ಅಲರ್ಜಿ ಜೀವಕ್ಕೇ ಕುತ್ತಾಗಬಹುದು. ಮೈಯೆಲ್ಲ ದದ್ದು ಎದ್ದು, ವಾಂತಿ, ಉಸಿರುಕಟ್ಟು ಒಟ್ಟಿಗೆ ಬಂದರೆ ಮೊದಲ ಮದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್. ಅಲರ್ಜಿ ಮಾತ್ರೆ ಅದಕ್ಕೆ ಬದಲಿಯಲ್ಲ. ಬೈಂದೂರಿನಿಂದ ಮಣಿಪಾಲದ ಆಸ್ಪತ್ರೆ ಮುಟ್ಟಲು ಒಂದು ಗಂಟೆಗೂ ಮಿಕ್ಕಿ ಹೊತ್ತು ಬೇಕು. ಆ ಚುಚ್ಚುಮದ್ದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು. ಅಪಾಯ ಹೆಚ್ಚಿರುವ ಮಗುವಿನ ಹೆತ್ತವರಿಗೆ ವೈದ್ಯರು ಅದನ್ನು ಕೊಡಲು ಕಲಿಸಬೇಕು.

2013ರಿಂದ ಕ್ಷೀರಭಾಗ್ಯದ ಹಾಲು, ಆಮೇಲೆ ಮೊಟ್ಟೆಯೂ ಶಾಲೆಗೆ ಬಂದಿವೆ. ಬಡ ಮಕ್ಕಳಿಗೆ ಅವು ಅತ್ಯಗತ್ಯ. ಅಲರ್ಜಿಯ ಮಗುವಿನ ಹೆಸರು ಟೀಚರಿಗೂ ಬಿಸಿಯೂಟದ ಅಡುಗೆಯವರಿಗೂ ಗೊತ್ತಿರುವುದು ಅಷ್ಟೇ ಅಗತ್ಯ. ಏನು ಆಗದು, ಯಾವ ಮದ್ದು, ಯಾರಿಗೆ ಫೋನು ಎಂಬ ಮೂರು ಸಂಗತಿಗಳನ್ನು ವೈದ್ಯರು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟು, ಅದರ ಪ್ರತಿ ಮನೆಯಲ್ಲೂ ಶಾಲೆಯಲ್ಲೂ ಇದ್ದರೆ, ಒಂದು ಶತಮಾನದ ಈ ಅರಿವು ಮಗುವಿನವರೆಗೆ ತಲುಪಿದಂತಾಗುತ್ತದೆ.