ಹೊರಡುವ ಕಾಲದ ಬೇಟೆ: ಚಾಮರಾಜನಗರ–ಗುಂಡ್ಲುಪೇಟೆಯ ಕೆರೆಗಳು ಮತ್ತು ವಲಸೆ ಬಾತುಗಳು

ವಲಸೆ ಬಾತುಗಳ ಬೇಟೆಯನ್ನು ಅಳೆಯುವಾಗ ಸತ್ತ ಹಕ್ಕಿಗಳ ಲೆಕ್ಕಕ್ಕಿಂತ ಅವು ಯಾವ ತಿಂಗಳಲ್ಲಿ ಸತ್ತವು ಎಂಬುದು ಮುಖ್ಯ. ಚಳಿಗಾಲದ ಆರಂಭದಲ್ಲಿ ಬಂದಿಳಿಯುವ ಹಿಂಡಿನಲ್ಲಿ ಆ ವರ್ಷದ ಮರಿಗಳೂ ಇರುತ್ತವೆ. ಅವುಗಳಲ್ಲಿ ಹಲವು ಹೇಗೂ ಚಳಿಗಾಲ ದಾಟುವುದಿಲ್ಲ. ಹಿಂತಿರುಗಿ ಹೊರಡುವ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಉಳಿಯುವುದು ಗೂಡು ಕಟ್ಟಬಲ್ಲ ಗಟ್ಟಿ ಹಕ್ಕಿಗಳು. ಹೆಬ್ಬಾತುಗಳು ವರ್ಷಗಟ್ಟಲೆ ಒಂದೇ ಜೋಡಿಯಾಗಿ ಬಾಳುವುದರಿಂದ, ಒಂದನ್ನು ಹೊಡೆದರೆ ಇನ್ನೊಂದರ ಆ ವರ್ಷದ ಸಂತಾನವೂ ಹೋದಂತೆಯೇ.

ಈ ತಿಳಿವಳಿಕೆ ಹಳೆಯದು. ಕೆನಡಾದ ಪರವಾಗಿ ಬ್ರಿಟನ್ 1916ರಲ್ಲಿ ಅಮೆರಿಕದೊಡನೆ ಮಾಡಿಕೊಂಡ ಒಪ್ಪಂದ ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ವಲಸೆ ಹಕ್ಕಿಗಳ ಬೇಟೆಯನ್ನು ನಿಲ್ಲಿಸಿತು. ಕ್ವಿಬೆಕ್‌ನಲ್ಲಿ ಹಿಮ ಹೆಬ್ಬಾತುಗಳು ವಿಪರೀತ ಹೆಚ್ಚಿದಾಗ 1999ರಲ್ಲಿ ವಸಂತದ ಬೇಟೆಗೆ ಮತ್ತೆ ಅನುಮತಿ ಸಿಕ್ಕಿತು. ಅಲ್ಲಿ ಕಂಡದ್ದು ಗಮನಾರ್ಹ: ಗುಂಡು ತಗುಲದ ಹೆಣ್ಣುಗಳೂ ಬೆದರಿ ಎದ್ದು ಹಾರುತ್ತ ಸರಿಯಾಗಿ ಮೇಯಲಿಲ್ಲ, ಮೈಯಲ್ಲಿ ಕೊಬ್ಬು ಕಡಿಮೆಯಾಯಿತು, ಆರ್ಕ್ಟಿಕ್‌ನಲ್ಲಿ ಸಂತಾನೋತ್ಪತ್ತಿ ಕುಗ್ಗಿತು.

ನಮ್ಮಲ್ಲಿ 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯ ಪ್ರಕಾರ ಈ ಹಕ್ಕಿಗಳ ಬೇಟೆ ವರ್ಷವಿಡೀ ಅಪರಾಧ; ಉರುಳು ಹಾಕುವುದೂ, ಹಿಡಿಯಲೆಂದು ಅಟ್ಟುವುದೂ ಬೇಟೆಯೇ. ಆದರೆ ಬಂದೂಕಷ್ಟೇ ಅಲ್ಲ, ಬೆದರಿಸುವುದೂ ಹಾನಿ ಮಾಡುತ್ತದೆ ಎಂಬುದು ಕ್ವಿಬೆಕ್‌ನ ಪಾಠ; ಬೆದರಿಸಲು ಬೇಟೆಗಾರನೇ ಬೇಕಿಲ್ಲ. ಗುಂಡ್ಲುಪೇಟೆ ಮಳೆನೆರಳಿನ ಸೀಮೆ. ಕಬಿನಿ ನೀರು ಏರಿಸಿ ತುಂಬಿಸಿದ ಕೆರೆಗಳನ್ನು ಬಿಟ್ಟರೆ ಉಳಿದವು ಬೇಸಿಗೆಗೆ ಮುಂಚೆಯೇ ಬತ್ತುತ್ತವೆ. ನೀರು ಇಳಿದಂತೆ ಮೀನು ಗುತ್ತಿಗೆದಾರರ ಬಲೆ, ಹರಿಗೋಲು, ಎಮ್ಮೆ, ನಾಯಿ ಎಲ್ಲವೂ ಕೆರೆಯ ನಡುವಿನ ಅದೇ ತುಂಡು ನೀರಿಗೆ ಬಂದು ಸೇರುತ್ತವೆ. ವಲಸೆ ಬರುವ ಬಿಳಿಹುಬ್ಬಿನ ಬಾತು ಮೇಯುವುದೂ ಆ ತುಂಡು ನೀರಿನ ಮೊಣಕಾಲುದ್ದದ ಅಂಚಿನಲ್ಲೇ. ತಲೆ ಮುಳುಗಿಸಿ ಕೆಸರು ಸೋಸುತ್ತಿದ್ದ ಹಕ್ಕಿ ಕತ್ತೆತ್ತಿ ನಿಂತಷ್ಟು ಹೊತ್ತೂ ಮೇವಿಗೆ ನಷ್ಟ. ನೆರೆಯ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇದು ಹಗಲು ನೀರಿನಲ್ಲಿ ತಂಗುತ್ತವೆ. ಹಗಲಿನ ಗದ್ದಲ ಅವುಗಳ ವಿಶ್ರಾಂತಿಯನ್ನೇ ಕೆಡಿಸುತ್ತದೆ. ಮುಂದೆ ಹಿಮಾಲಯ ದಾಟುವಾಗ ಈ ಜಾತಿ 7,000 ಮೀಟರಿಗೂ ಮೇಲೆ ಹಾರಿದ್ದು ಉಪಗ್ರಹ ಸಾಧನಗಳಲ್ಲಿ ದಾಖಲಾಗಿದೆ. ಆ ಹಾರಾಟಕ್ಕೆ ಬೇಕಾದ ಬಲದ ಮೊದಲ ಕಂತು ಕೂಡುವುದು ಇಲ್ಲಿನ ಹೊಲ–ಕೆರೆಗಳಲ್ಲಿ.

ಏಷ್ಯಾ ಜಲಪಕ್ಷಿ ಗಣತಿ ನಡೆಯುವುದು ಜನವರಿಯಲ್ಲಿ. ಹೊರಡುವ ಕಾಲದ ಒತ್ತಡ ಅದರ ಕಣ್ಣಿಗೆ ಬೀಳುವುದೇ ಇಲ್ಲ. ತೆರಕಣಾಂಬಿ ಕೆರೆ, ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳಲ್ಲಿ ಮಾರ್ಚ್ ಮೊದಲ ವಾರ ಇನ್ನೊಮ್ಮೆ ಎಣಿಸಬೇಕು. ಎಷ್ಟು ಹಕ್ಕಿ ಮೇಯುತ್ತಿವೆ, ಎಷ್ಟು ಕತ್ತೆತ್ತಿ ನಿಂತಿವೆ ಎಂಬುದನ್ನೂ ಅದೇ ಪಟ್ಟಿಯಲ್ಲಿ ಬರೆದಿಡಬೇಕು. ಆ ವಾರಗಳಲ್ಲಿ ಕೆರೆಯ ಒಂದು ಮಗ್ಗುಲನ್ನಾದರೂ ಬಲೆಯಿಂದ ಬಿಡುವ ಷರತ್ತನ್ನು ಮೀನು ಗುತ್ತಿಗೆಯ ಕರಾರಿನಲ್ಲೇ ಸೇರಿಸಬಹುದು.