ಸಾಹಿತ್ಯ ಪರಿಚಾರಿಕೆ

ಸಾಹಿತ್ಯ ಪರಿಚಾರಿಕೆ ಎಂದರೆ ಒಳ್ಳೆಯ ಪುಸ್ತಕಗಳನ್ನು ತಾನು ಓದಿ, ಅವುಗಳ ವಿಷಯವನ್ನು ಇತರರಿಗೆ ತಿಳಿಸಿ, ಸಾಧ್ಯವಾದರೆ ಪುಸ್ತಕವನ್ನೇ ಅವರ ಕೈಗೆ ತಲುಪಿಸುವ ಕೆಲಸ. ಕವಿ ಜಿ. ಪಿ. ರಾಜರತ್ನಂ ಅವರು ತಮ್ಮನ್ನು ಸಾಹಿತ್ಯ ಪರಿಚಾರಕನೆಂದು ಕರೆದುಕೊಳ್ಳುತ್ತಿದ್ದರು. ಕನ್ನಡದಲ್ಲಿ ಈ ಮಾತು ಮುಖ್ಯವಾಗಿ ಅವರ ಹೆಸರಿನೊಂದಿಗೇ ಬೆಸೆದುಕೊಂಡಿದೆ. ಕನ್ನಡ ಪುಸ್ತಕ ಪ್ರಾಧಿಕಾರವು ಕೊಡುವ ಸಾಹಿತ್ಯ ಪರಿಚಾರಕ ಪ್ರಶಸ್ತಿಯೂ ಅವರ ಹೆಸರಿನಲ್ಲಿಯೇ ಇದೆ. ಪ್ರಕಾಶಕರು, ಗ್ರಂಥಪಾಲಕರು, ಗಮಕಿಗಳು, ಶಿಕ್ಷಕರು ಮತ್ತು ಸಾಮಾನ್ಯ ಓದುಗರು ಈ ಕೆಲಸವನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ರೀತಿಯಲ್ಲಿ ಮಾಡಿಕೊಂಡು ಬಂದಿದ್ದಾರೆ.

ಪದದ ಅರ್ಥ

ಪರಿಚಾರಕ ಎಂದರೆ ಸೇವೆ ಮಾಡುವವನು. ದೇವಾಲಯಗಳಲ್ಲಿ ಅರ್ಚಕರಿಗೆ ನೀರು, ಹೂವು, ದೀಪಗಳನ್ನು ಒದಗಿಸಿಕೊಡುವ ಸಹಾಯಕನಿಗೆ ಈ ಹೆಸರಿದೆ. ಪೂಜೆ ಅವನದಲ್ಲ, ಆದರೆ ಅವನಿಲ್ಲದೆ ಪೂಜೆ ಸಾಗುವುದೂ ಇಲ್ಲ. ಸ್ವತಃ ಹೆಸರಾಂತ ಕವಿಯಾಗಿದ್ದವರೊಬ್ಬರು ಸಾಹಿತ್ಯದಲ್ಲಿ ತಮಗಾಗಿ ಈ ಸ್ಥಾನವನ್ನು ಆರಿಸಿಕೊಂಡದ್ದು ಗಮನಿಸತಕ್ಕ ವಿಷಯ.

ವಿಮರ್ಶೆಗೂ ಪರಿಚಾರಿಕೆಗೂ ವ್ಯತ್ಯಾಸವಿದೆ. ವಿಮರ್ಶಕನು ಕೃತಿಯನ್ನು ಎದುರಿಗಿಟ್ಟುಕೊಂಡು ಅದರ ಗುಣದೋಷಗಳನ್ನು ತೂಗುತ್ತಾನೆ. ಪರಿಚಾರಕನು ಓದುಗನನ್ನು ಎದುರಿಗಿಟ್ಟುಕೊಂಡು, ಈತನಿಗೆ ಈಗ ಯಾವ ಪುಸ್ತಕ ಒದಗೀತು ಎಂದು ಆಲೋಚಿಸುತ್ತಾನೆ. ಶ್ರೇಷ್ಠ ಕೃತಿಯೆಂದು ಎಲ್ಲರೂ ಒಪ್ಪಿದ್ದು ಹದಿನಾಲ್ಕು ವರ್ಷದ ಹುಡುಗನಿಗೆ ಹಿಡಿಸದೇ ಹೋಗಬಹುದು. ಸಾಧಾರಣವಾದ ಒಂದು ಪತ್ತೇದಾರಿ ಕಾದಂಬರಿ ಅವನನ್ನು ಓದಿನ ದಾರಿಗೆ ಹಚ್ಚಬಹುದು.

ಪ್ರಾಚೀನ ಕರ್ನಾಟಕದಲ್ಲಿ

ಜೈನ ಸಂಪ್ರದಾಯವು ಆಹಾರ, ಅಭಯ, ಔಷಧ ಮತ್ತು ಶಾಸ್ತ್ರ ಎಂಬ ನಾಲ್ಕು ಬಗೆಯ ದಾನಗಳನ್ನು ಹೇಳುತ್ತದೆ. ಗ್ರಂಥಗಳ ಪ್ರತಿ ಮಾಡಿಸಿ ಹಂಚುವುದು ಶಾಸ್ತ್ರದಾನ. ಇದಕ್ಕೆ ಕನ್ನಡ ನಾಡಿನಲ್ಲಿ ಸಿಗುವ ಅತ್ಯಂತ ದೊಡ್ಡ ನಿದರ್ಶನ ದಾನಚಿಂತಾಮಣಿ ಎಂದು ಹೆಸರಾದ ಅತ್ತಿಮಬ್ಬೆಯದು. ಚಾಲುಕ್ಯರ ದಂಡನಾಯಕನಾಗಿದ್ದ ನಾಗದೇವನ ಪತ್ನಿಯಾದ ಈಕೆ ಹತ್ತನೆಯ ಶತಮಾನದಲ್ಲಿ ಪೊನ್ನ ಕವಿಯ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಪೊನ್ನನಿಂದ ಆ ಕಾವ್ಯವನ್ನು ಬರೆಯಿಸಿದವರಲ್ಲಿ ಅತ್ತಿಮಬ್ಬೆಯ ತಂದೆ ಮಲ್ಲಪಯ್ಯನೂ ಒಬ್ಬ. ರನ್ನನು 993ರಲ್ಲಿ ಮುಗಿಸಿದ ಅಜಿತಪುರಾಣಕ್ಕೂ ಆಕೆಯೇ ಆಶ್ರಯದಾತೆ.

ಸಾವಿರ ಪ್ರತಿ ಎನ್ನುವುದು ಇಂದಿನ ಕಿವಿಗೆ ಸಣ್ಣ ಸಂಖ್ಯೆಯಂತೆ ಕೇಳಬಹುದು. ಆದರೆ ಅಂದು ಮುದ್ರಣವಿರಲಿಲ್ಲ. ತಾಳೆಗರಿಯನ್ನು ಹದಮಾಡಿ, ಅಳತೆಗೆ ಕತ್ತರಿಸಿ, ಕಂಠವೆಂಬ ಕಬ್ಬಿಣದ ಲೇಖನಿಯಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ಸವರಿ, ದಾರ ಪೋಣಿಸಬೇಕಾಗಿತ್ತು. ಒಂದು ಕಾವ್ಯದ ಒಂದು ಪ್ರತಿಯೇ ಲಿಪಿಕಾರನ ಬಹುದಿನಗಳ ದುಡಿಮೆ. ಕನ್ನಡದಲ್ಲಿ ಇಂದಿಗೂ ಕಥೆ, ಕವಿತೆಗಳ ಪುಸ್ತಕವೊಂದರ ಮೊದಲ ಮುದ್ರಣವು ಸಾಮಾನ್ಯವಾಗಿ ಸಾವಿರ ಪ್ರತಿ, ಅಥವಾ ಅದಕ್ಕಿಂತ ಕಡಿಮೆ. ಸಾವಿರ ವರ್ಷಗಳ ಅನಂತರವೂ, ಯಂತ್ರಗಳು ಬಂದ ಮೇಲೂ, ನಾವು ಅತ್ತಿಮಬ್ಬೆಯ ಸಂಖ್ಯೆಯನ್ನು ಬಹಳವೇನೂ ದಾಟಿಲ್ಲ. ಅಚ್ಚು ಮಾಡುವುದು ಸುಲಭವಾಯಿತು, ಓದುಗನನ್ನು ಮುಟ್ಟುವುದು ಸುಲಭವಾಗಲಿಲ್ಲ ಎಂದೇ ಇದರ ಅರ್ಥ.

ಓದು ಬಾರದವರಿಗೆ ಕಾವ್ಯವು ಗಮಕದ ಮೂಲಕ ತಲುಪುತ್ತಿತ್ತು. ಗಮಕಿ ಹಾಡುವುದು, ವ್ಯಾಖ್ಯಾನಕಾರ ಅರ್ಥ ಹೇಳುವುದು, ಊರಿನವರು ಜಗಲಿಯಲ್ಲೋ ಗುಡಿಯ ಅಂಗಳದಲ್ಲೋ ಕುಳಿತು ಕೇಳುವುದು ವಾಡಿಕೆಯಾಗಿತ್ತು. ಕುಮಾರವ್ಯಾಸನ ಭಾರತವೂ ಲಕ್ಷ್ಮೀಶನ ಜೈಮಿನಿ ಭಾರತವೂ ಅಕ್ಷರ ಕಲಿಯದವರ ಬಾಯಲ್ಲಿ ಉಳಿದುಬಂದದ್ದು ಹೀಗೆ.

ಪುಸ್ತಕ ಹೊತ್ತು ನಡೆದವರು

ಕನ್ನಡ ಕಾದಂಬರಿಯ ಆದ್ಯರಲ್ಲಿ ಒಬ್ಬರಾದ ಗಳಗನಾಥರು (ವೆಂಕಟೇಶ ತಿರಕೋ ಕುಲಕರ್ಣಿ, 1869–1942) ಇಂದಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದವರು. ವೃತ್ತಿಯಿಂದ ಶಾಲಾ ಶಿಕ್ಷಕರು. ಆಗ ಆ ಪ್ರದೇಶ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಕ್ಷರಸ್ಥರಾದ ಕನ್ನಡಿಗರಲ್ಲಿ ಅನೇಕರು ಮರಾಠಿಯಲ್ಲಿ ಓದುತ್ತಿದ್ದರು. ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದರು, ಸ್ವತಂತ್ರವಾಗಿಯೂ ಬರೆದರು. ವಿಜಯನಗರದ ಹಿನ್ನೆಲೆಯ ಮಾಧವ ಕರುಣಾವಿಲಾಸ ಅವರ ಪ್ರಸಿದ್ಧ ಕೃತಿ. ಅಗಡಿಯಿಂದ ಹೊರಡುತ್ತಿದ್ದ ಸದ್ಬೋಧ ಚಂದ್ರಿಕೆ ಮಾಸಪತ್ರಿಕೆಯ ಮೂಲಕವೂ ಓದುಗರನ್ನು ಬೆಳೆಸಿದರು.

ಬರೆದು ಅಚ್ಚು ಹಾಕಿಸಿದರೆ ಅರ್ಧ ಕೆಲಸ ಮಾತ್ರ ಆಯಿತು ಎಂಬುದನ್ನು ಅವರು ಬೇಗನೆ ಕಂಡುಕೊಂಡಿದ್ದರು. ಅಂಗಡಿಯಿಲ್ಲದ ಊರುಗಳಲ್ಲಿ ಪುಸ್ತಕ ಯಾರಿಗೆ ಸಿಗಬೇಕು? ಗಳಗನಾಥರು ಪುಸ್ತಕದ ಗಂಟನ್ನು ತಾವೇ ಹೊತ್ತು ಊರಿಂದೂರಿಗೆ ನಡೆದು, ಮನೆಮನೆಯಲ್ಲಿ ಮಾರಿದರು. ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವ ಮಧ್ಯಮವರ್ಗವೊಂದು ರೂಪುಗೊಂಡುದರಲ್ಲಿ ಈ ನಡಿಗೆಯ ಪಾಲು ದೊಡ್ಡದು. ಸಾಹಿತ್ಯ ಚರಿತ್ರೆಗಳು ಅವರ ಕಾದಂಬರಿಗಳ ಬಗ್ಗೆ ಪುಟಗಟ್ಟಲೆ ಬರೆದು, ಗಂಟಿನ ಬಗ್ಗೆ ಒಂದು ವಾಕ್ಯ ಬರೆಯುತ್ತವೆ.

ರಾಮನಗರದಲ್ಲಿ ಹುಟ್ಟಿದ ಜಿ. ಪಿ. ರಾಜರತ್ನಂ (ನಿಧನ 1979) ಈ ದಾರಿಯನ್ನು ಹಳೆಯ ಮೈಸೂರಿನ ಕಡೆ ಮುಂದುವರಿಸಿದರು. ರತ್ನನ ಪದಗಳು ಹಾಗೂ ಮಕ್ಕಳ ಪದ್ಯಗಳಿಂದ ಮನೆಮಾತಾಗಿದ್ದ ಅವರು ಕನ್ನಡ ಅಧ್ಯಾಪಕರಾಗಿದ್ದರು. ಶಾಕ್ಯ ಸಾಹಿತ್ಯ ಮಂಟಪದ ಮೂಲಕ ಪುಸ್ತಕಗಳನ್ನು ಪ್ರಕಟಿಸಿದರು. ಪುಸ್ತಕಗಳನ್ನು ಕೈಯಲ್ಲಿ ಹಿಡಿದು ತಾವೇ ಮಾರುವುದಕ್ಕೆ ಅವರಿಗೆ ಸಂಕೋಚವಿರಲಿಲ್ಲ. ವಿದ್ಯಾರ್ಥಿಗಳಿಂದ ಬರೆಯಿಸುವುದು, ಬರೆದುದನ್ನು ಅಚ್ಚು ಮಾಡಿಸುವುದು, ಅಚ್ಚಾದುದನ್ನು ಓದಿಸುವುದು, ಈ ಮೂರೂ ಅವರಿಗೆ ಒಂದೇ ಕೆಲಸವಾಗಿತ್ತು. 1978ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಅವರು ಕನ್ನಡ ಸಂಘವನ್ನು ಕಟ್ಟಿ, ಕಡಿಮೆ ಬೆಲೆಯ ಪುಸ್ತಕಗಳನ್ನೂ ಕಾವ್ಯಸ್ಪರ್ಧೆಗಳನ್ನೂ ನಡೆಸಿಕೊಂಡು ಬಂದುದು ಇದೇ ಪರಂಪರೆಗೆ ಸೇರುತ್ತದೆ.

ಗ್ರಂಥಮಾಲೆಗಳು

ಓದುಗರಿಂದ ಮುಂಗಡವಾಗಿ ಚಂದಾ ಪಡೆದು ವರ್ಷಕ್ಕೆ ಇಷ್ಟೆಂದು ಪುಸ್ತಕ ಕಳುಹಿಸುವ ಗ್ರಂಥಮಾಲೆಯ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿ ಬೆಳೆಯಿತು. ಇದು ಒಂದು ಬಗೆಯ ನಂಬಿಕೆಯ ವ್ಯವಹಾರ. ಯಾವ ಪುಸ್ತಕ ಬರುತ್ತದೆಂದು ಚಂದಾದಾರನಿಗೆ ತಿಳಿದಿರುವುದಿಲ್ಲ. ಸಂಪಾದಕನ ಆಯ್ಕೆಯನ್ನು ನಂಬಿ ಹಣ ಕೊಟ್ಟಿರುತ್ತಾನೆ. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಇಂಥವುಗಳಲ್ಲಿ ಹೆಸರಾದುದು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಸಲಹೆ ಇದರ ಬೆನ್ನಿಗಿತ್ತು. ಅಟ್ಟ ಎಂದು ಕರೆಯಲಾಗುವ ಇದರ ಕಚೇರಿ ಲೇಖಕರೂ ಓದುಗರೂ ಕುಳಿತು ಮಾತಾಡುವ ಜಾಗವಾಯಿತು. ಆಗಿನ್ನೂ ಹೆಸರಿಲ್ಲದ ತರುಣ ಗಿರೀಶ ಕಾರ್ನಾಡರ ಯಯಾತಿ (1961), ಯು. ಆರ್. ಅನಂತಮೂರ್ತಿಯವರ ಸಂಸ್ಕಾರ (1965) ಇಲ್ಲಿಂದ ಹೊರಬಂದವು. ಬಿಡಿಯಾಗಿ ಮಾರಬೇಕಾಗಿದ್ದರೆ ಹೊಸ ಲೇಖಕರ ಇಂಥ ಕೃತಿಗಳು ಅಷ್ಟು ಮನೆಗಳನ್ನು ಒಮ್ಮೆಲೇ ಸೇರುವುದು ಕಷ್ಟವಿತ್ತು.

ಬಾಡಿಗೆ ಗ್ರಂಥಾಲಯಗಳು

1960ರಿಂದ 1980ರ ದಶಕದವರೆಗೆ ಕರ್ನಾಟಕದ ಪಟ್ಟಣಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಜನಪ್ರಿಯವಾಗಿದ್ದವು. ಠೇವಣಿ ಇಟ್ಟು, ದಿನಕ್ಕೆ ಕೆಲವು ಪೈಸೆ ಬಾಡಿಗೆ ಕೊಟ್ಟು ಕಾದಂಬರಿ ಒಯ್ಯಬಹುದಾಗಿತ್ತು. ಅ. ನ. ಕೃ., ತ. ರಾ. ಸು., ತ್ರಿವೇಣಿ, ಎಂ. ಕೆ. ಇಂದಿರಾ ಮೊದಲಾದವರ ಕಾದಂಬರಿಗಳು ರಟ್ಟು ಸವೆದು ಹರಿಯುವವರೆಗೂ ಕೈಯಿಂದ ಕೈಗೆ ಓಡಾಡಿದವು. ಹೊರಗೆ ಹೆಚ್ಚು ಹೋಗದ ಗೃಹಿಣಿಯರು ಮಕ್ಕಳ ಕೈಯಲ್ಲಿ ಚೀಟಿ ಕಳುಹಿಸಿ ಪುಸ್ತಕ ತರಿಸಿಕೊಳ್ಳುತ್ತಿದ್ದರು. ಗಲ್ಲಾದಲ್ಲಿ ಕುಳಿತವನಿಗೆ ಯಾವ ಮನೆಯಲ್ಲಿ ಯಾವ ಲೇಖಕಿ ಇಷ್ಟ ಎಂಬುದು ಗೊತ್ತಿರುತ್ತಿತ್ತು. ಸಾಹಿತ್ಯ ಚರ್ಚೆಗಳಲ್ಲಿ ಇವನಿಗೆ ಜಾಗ ಸಿಕ್ಕಿಲ್ಲ. ಆದರೆ ಹೆಣ್ಣುಮಕ್ಕಳನ್ನು ಕನ್ನಡದ ಓದಿಗೆ ತಂದವರಲ್ಲಿ ಇವನೂ ಒಬ್ಬ. ದೂರದರ್ಶನ ಮನೆಮನೆಗೆ ಬಂದ ಮೇಲೆ ಈ ಅಂಗಡಿಗಳು ಒಂದೊಂದಾಗಿ ಮುಚ್ಚಿದವು.

ಸಾರ್ವಜನಿಕ ಗ್ರಂಥಾಲಯಗಳು

ಓದುಗನಿಗೆ ತಕ್ಕ ಪುಸ್ತಕ ಸೂಚಿಸುವುದನ್ನು ಗ್ರಂಥಾಲಯದ ಕರ್ತವ್ಯವೆಂದು ಶಾಸ್ತ್ರೀಯವಾಗಿ ನಿರೂಪಿಸಿದವರು ಎಸ್. ಆರ್. ರಂಗನಾಥನ್ (1892–1972). ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದಾಗ ಅವರು 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಎರಡನೆಯದು ಓದುಗನ ಕಡೆಯಿಂದ ಹೊರಡುತ್ತದೆ: ಯಾವ ಓದುಗನೂ ತನ್ನ ಪುಸ್ತಕ ಸಿಗದೆ ಹಿಂದಿರುಗಬಾರದು. ಮೂರನೆಯದು ಪುಸ್ತಕದ ಕಡೆಯಿಂದ: ಕಪಾಟಿನಲ್ಲಿ ಧೂಳು ಹಿಡಿದಿರುವ ಪುಸ್ತಕಕ್ಕೂ ಎಲ್ಲಿಯೋ ಒಬ್ಬ ಓದುಗನಿದ್ದಾನೆ, ಅವನನ್ನು ಹುಡುಕಬೇಕು. ಪರಿಚಾರಿಕೆಯ ತಿರುಳು ಈ ಮೂರನೆಯ ಸೂತ್ರದಲ್ಲಿದೆ. ಓದುಗರೇ ಕಪಾಟಿನ ಬಳಿಗೆ ಹೋಗಿ ಪುಸ್ತಕ ಆರಿಸಿಕೊಳ್ಳುವ ಮುಕ್ತ ಪದ್ಧತಿಗೆ ರಂಗನಾಥನ್ ಒತ್ತುಕೊಟ್ಟದ್ದು ಇದೇ ಕಾರಣಕ್ಕೆ. ಅದೇ 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಸಂಚಾರಿ ಗ್ರಂಥಾಲಯವೊಂದು ಹಳ್ಳಿಗಳಿಗೆ ಹೊರಟಿತು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು.

1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಿಂದ ರಾಜ್ಯದಲ್ಲಿ ಗ್ರಂಥಾಲಯ ಇಲಾಖೆಯೂ, ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಗ್ರಂಥಾಲಯ ಕರವೂ ಬಂದವು. ಇಲಾಖೆಯ ಸಗಟು ಖರೀದಿ ಕನ್ನಡ ಪ್ರಕಾಶನಕ್ಕೆ ದೊಡ್ಡ ಆಸರೆಯಾಯಿತು. ಅದರಿಂದ ಒಂದು ಕೇಡೂ ಒದಗಿತು: ಖರೀದಿಯನ್ನೇ ನೆಚ್ಚಿಕೊಂಡು ಅಚ್ಚಾಗುವ, ಓದುಗನ ಮುಖವನ್ನೇ ಕಾಣದ ಪುಸ್ತಕಗಳೂ ಹುಟ್ಟಿದವು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಡಿ ಹಳ್ಳಿಯ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು.

ವ್ಯಕ್ತಿಗಳು ನಡೆಸುವ ಗ್ರಂಥಾಲಯಗಳು

ಮಂಡ್ಯ ಜಿಲ್ಲೆಯ ಪಾಂಡವಪುರದ ಬಳಿ ಹರಳಹಳ್ಳಿಯಲ್ಲಿರುವ ಪುಸ್ತಕ ಮನೆಯನ್ನು ಕಟ್ಟಿದವರು, ಹಿಂದೆ ಬಸ್ ನಿರ್ವಾಹಕರಾಗಿದ್ದು ಬಳಿಕ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು. ಲಕ್ಷಗಟ್ಟಲೆ ಪುಸ್ತಕಗಳಿರುವ ಈ ಸಂಗ್ರಹವು ಎಲ್ಲರಿಗೂ ತೆರೆದಿದೆ. ಮೈಸೂರಿನ ರಾಜೀವನಗರದಲ್ಲಿ ಕೂಲಿ ಕಾರ್ಮಿಕರಾದ ಸೈಯದ್ ಇಸಾಕ್ ಅವರು ತಮ್ಮ ದುಡಿಮೆಯ ಹಣದಲ್ಲಿ ಪತ್ರಿಕೆ ತರಿಸಿ, ಪುಸ್ತಕ ಕೂಡಿಸಿ ನಡೆಸುತ್ತಿದ್ದ ಸಾರ್ವಜನಿಕ ಗ್ರಂಥಾಲಯವು 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಹನ್ನೊಂದು ಸಾವಿರದಷ್ಟು ಪುಸ್ತಕಗಳು ಸುಟ್ಟುಹೋದವೆಂದು ಆಗ ವರದಿಯಾಯಿತು. ಅವುಗಳಲ್ಲಿ ಹೆಚ್ಚಿನವು ಕನ್ನಡದವು. ಸುದ್ದಿ ತಿಳಿಯುತ್ತಲೇ ದೂರದೂರದ ಓದುಗರು ಪುಸ್ತಕಗಳನ್ನೂ ಹಣವನ್ನೂ ನೀಡಲು ಮುಂದಾದರು. ಇಸಾಕ್ ಅವರಿಗೆ ಶಾಲೆಯ ಓದು ದೊರೆತಿರಲಿಲ್ಲ. ತಾನು ಓದಲಾಗದ ಪುಸ್ತಕವನ್ನು ನೆರೆಯವರು ಓದಲೆಂದು ಕಾಯ್ದಿಟ್ಟವರು ಅವರು.

ಪುಸ್ತಕ ಸೂಚಿಸುವ ಕ್ರಮ

ಪತ್ರಿಕೆಗಳ ಪುಸ್ತಕ ಪರಿಚಯ, ಸಾದರ ಸ್ವೀಕಾರದ ಪಟ್ಟಿಗಳು ಹೊಸ ಪುಸ್ತಕ ಬಂದಿದೆಯೆಂಬ ಸುದ್ದಿಯನ್ನು ಮುಟ್ಟಿಸುತ್ತವೆ. ಓದುವಂತೆ ಮಾಡುವುದು ಹೆಚ್ಚಾಗಿ ಪರಿಚಿತರ ಮಾತು. ಶಾಲೆಯಲ್ಲಿ ಪಾಠ ಹೇಳಿದವರೆಲ್ಲ ಬಲ್ಲಂತೆ, ತರಗತಿಗೆ ಒಟ್ಟಾಗಿ ಹೇಳಿದ ಹತ್ತು ಹೆಸರುಗಳಿಗಿಂತ ಒಬ್ಬ ವಿದ್ಯಾರ್ಥಿಯನ್ನು ಕರೆದು ಕೊಟ್ಟ ಒಂದು ಪುಸ್ತಕ ಹೆಚ್ಚು ಫಲ ಕೊಡುತ್ತದೆ.

ಸೂಚಿಸುವವನು ಮೊದಲು ಓದುಗನನ್ನು ವಿಚಾರಿಸಬೇಕು: ಈಚೆಗೆ ಮೆಚ್ಚಿಕೊಂಡು ಓದಿದ್ದು ಯಾವುದು, ಅರ್ಧಕ್ಕೆ ಬಿಟ್ಟದ್ದು ಯಾವುದು. ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ಹೆಚ್ಚು ಉಪಯುಕ್ತ. ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ ಮೆಚ್ಚಿದವನಿಗೆ ಶಿವರಾಮ ಕಾರಂತರ ಬೆಟ್ಟದ ಜೀವವನ್ನು ಕೊಡಬಹುದು. ಎರಡರಲ್ಲಿಯೂ ಕಾಡು, ಬೆಟ್ಟ, ಅಲ್ಲಿಯ ಜನ ಇದ್ದಾರೆ. ನೇರವಾಗಿ ಮೈ ಮನಗಳ ಸುಳಿಯಲ್ಲಿ ಕೊಡುವುದು ಅವಸರವಾದೀತು. ಕಥೆಯನ್ನು ಪೂರ್ತಿ ಹೇಳಬಾರದು, ಅತಿಯಾಗಿ ಹೊಗಳಬಾರದು. ಓದಿದೆಯಾ ಎಂದು ದಿನವೂ ಕೇಳುವುದಂತೂ ಪುಸ್ತಕವನ್ನು ಮನೆಗೆಲಸದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಎರವಲು ಕೊಟ್ಟ ಪುಸ್ತಕ ಹಿಂದಿರುಗುವುದಿಲ್ಲ ಎಂಬ ಹಳೆಯ ದೂರಿಗೆ ಒಂದು ಸಣ್ಣ ನೋಟುಪುಸ್ತಕವೇ ಪರಿಹಾರ: ಹೆಸರು, ತಾರೀಖು, ಪುಸ್ತಕ.

ಹಂಚಿಕೆ ಮತ್ತು ಹಕ್ಕುಸ್ವಾಮ್ಯ

ಕೊಂಡ ಮುದ್ರಿತ ಪುಸ್ತಕವನ್ನು ಎರವಲು ಕೊಡುವುದಕ್ಕೂ ದಾನ ಮಾಡುವುದಕ್ಕೂ ಕಾನೂನಿನ ಅಡ್ಡಿಯಿಲ್ಲ. ಪುಸ್ತಕವನ್ನು ಪೂರ್ತಿಯಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ರೂಪದಲ್ಲಿ ಮೊಬೈಲಿನಿಂದ ಮೊಬೈಲಿಗೆ ಕಳುಹಿಸುವುದು ಬೇರೆ ವಿಷಯ. ಅದು ಹೊಸ ಪ್ರತಿಗಳನ್ನು ಮಾಡಿದಂತೆ. ಸಾವಿರ ಪ್ರತಿಯೂ ಮಾರಾಟವಾಗದ ಭಾಷೆಯಲ್ಲಿ ಇದರಿಂದ ಮೊದಲು ಸೊರಗುವವರು ಸಣ್ಣ ಪ್ರಕಾಶಕರು ಮತ್ತು ಲೇಖಕರು. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಸಾಹಿತ್ಯ ಕೃತಿಯ ಹಕ್ಕು ಅವರು ತೀರಿಕೊಂಡ ಮರುವರ್ಷದ ಆರಂಭದಿಂದ ಅರವತ್ತು ವರ್ಷಗಳವರೆಗೆ ಇರುತ್ತದೆ. ಈ ಲೆಕ್ಕದಂತೆ ಗಳಗನಾಥರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು 2003ರ ಆರಂಭದಿಂದ ಸಾರ್ವಜನಿಕ ಸ್ವತ್ತಾಗಿವೆ. ಅವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಗಣಕದಲ್ಲಿ ಏರಿಸಬಹುದು, ಹಂಚಬಹುದು. ರಾಜರತ್ನಂ ಅವರ ಕೃತಿಗಳಿಗೆ ಆ ಅವಕಾಶ 2040ರಲ್ಲಿ ಬರುತ್ತದೆ.